ಬಸವಣ್ಣೆಮ್ಮ ಕಲಿತ ಹಡಗಿನ ಊಟ

ಕಾಗದ ಬಂದದ್ದು 1958ರ ಶ್ರಾವಣದಲ್ಲಿ. ದಾವಣಗೆರೆಯ ಹತ್ತಿ ವ್ಯಾಪಾರಿ ಬಕ್ಕೇಶಪ್ಪನವರ ಮನೆಗೆ ವಿಲಾಯಿತಿಯಿಂದ ಕಾಗದ ಬರುವುದು ಆ ಹೊತ್ತಿಗಾಗಲೇ ಅಪರೂಪವಾಗಿತ್ತು. ಅವರ ಒಬ್ಬನೇ ಮಗ ಕರಿಬಸವರಾಜ ಬಟ್ಟೆ ಗಿರಣಿಯ ವಿದ್ಯೆ ಕಲಿತು ಬರುತ್ತೇನೆಂದು ಬೋಲ್ಟನ್ ಎಂಬ ಊರಿಗೆ ಹೋಗಿ ಐದನೇ ವರ್ಷ ನಡೆಯುತ್ತಿತ್ತು. ಹೋಗುವಾಗ ಎರಡೇ ವರ್ಷ ಎಂದಿದ್ದ. ಮದುವೆಯಾದ ಹದಿನಾಲ್ಕನೇ ತಿಂಗಳಿಗೆ ಅವನನ್ನು ರೈಲು ಹತ್ತಿಸಿ ಬಂದಿದ್ದ ಬಸವಣ್ಣೆಮ್ಮನಿಗೆ ಈಗ ಇಪ್ಪತ್ತಾರು.

ಕಾಗದ ಅಪ್ಪನ ಹೆಸರಿಗಿತ್ತು. ಬಕ್ಕೇಶಪ್ಪನವರು ಓದಿ, ದೇವರ ಗೂಡಿನ ಪಕ್ಕದಲ್ಲಿಟ್ಟು ಅಂಗಡಿಗೆ ಹೋದರು. ಅತ್ತೆ ತೀರಿಕೊಂಡು ಎರಡು ವರ್ಷವಾಗಿದ್ದ ಆ ಮನೆಯಲ್ಲಿ ಹಗಲು ಹೊತ್ತು ಇರುತ್ತಿದ್ದವರು ಬಸವಣ್ಣೆಮ್ಮ ಮತ್ತು ಮನೆಗೆಲಸದ ಮುದುಕಿ ಉಡಚಮ್ಮ, ಇಬ್ಬರೇ. ಬಸವಣ್ಣೆಮ್ಮ ಒಲೆಯ ಮೇಲಿನ ಬೇಳೆಯನ್ನು ಹಾಗೇ ಬಿಟ್ಟು ಬಂದು ಕಾಗದ ಬಿಡಿಸಿದಳು.

'ಬಸವಣ್ಣೆಯನ್ನು ಕಳಿಸುತ್ತೇನೆಂದು ಬರೆದಿದ್ದೀರಿ. ಆ ವಿಚಾರ ಬಿಡಿ. ಇಲ್ಲಿಯ ಬಾಳುವೆಯ ಮಾತು ಹಾಗಿರಲಿ, ಹಡಗಿನ ಹದಿನೆಂಟು ದಿನವನ್ನೇ ಆಕೆ ದಾಟಲಾರಳು. ಸಂಜೆಯ ಊಟಕ್ಕೆ ಎಲ್ಲರೂ ಅದಕ್ಕೆಂದೇ ಹೊಲಿಸಿದ ಉಡುಪು ತೊಟ್ಟು ಬರಬೇಕು. ಕಪ್ತಾನನನ್ನು ಎದುರುಗೊಂಡು ಮಾತಾಡಿಸಬೇಕು. ಒಬ್ಬೊಬ್ಬರ ಮುಂದೆ ಹತ್ತು ಹನ್ನೆರಡು ಚಮಚ, ಚಾಕು, ಮುಳ್ಳುಚಮಚ ಇಟ್ಟಿರುತ್ತಾರೆ. ಯಾವುದನ್ನು ಯಾವಾಗ ಹಿಡಿಯಬೇಕೆಂದು ತಿಳಿಯದವರನ್ನು ಕಂಡು ಒಳಗೊಳಗೇ ನಗುತ್ತಾರೆ. ಆ ನಗೆಯನ್ನು ನಾನು ಉಂಡವನು. ಆಕೆಗೆ ಅದು ಬೇಡ.'

ಅವಳು ನಾಲ್ಕು ಸಲ ಓದಿದಳು. ಅಷ್ಟರಲ್ಲಿ ಬೇಳೆ ಸೀದು ಉಡಚಮ್ಮ ಒಳಗಿನಿಂದ ಕೂಗಿದಳು. ಬೇರೆ ಯಾರಾದರೂ ಆ ಕಾಗದದಲ್ಲಿ 'ಬರಬೇಡ' ಎಂಬ ಒಂದೇ ಮಾತನ್ನು ಕಾಣುತ್ತಿದ್ದರೇನೋ. ಅವಳು ಅದನ್ನು ಕಾಣಲಿಲ್ಲ, ಕಾಣಲು ಒಪ್ಪಲಿಲ್ಲ. ಆಕೆ ನನಗೆ ಬೇಡ ಎಂದು ಗಂಡ ಎಲ್ಲಿಯೂ ಬರೆದಿರಲಿಲ್ಲ. ಆಕೆಗೆ ಬಾರದು ಎಂದಷ್ಟೇ ಬರೆದಿದ್ದ. ಬಾರದ್ದನ್ನು ಕಲಿಯಬಹುದಲ್ಲ. ಐದು ವರ್ಷದಲ್ಲಿ ಮೊದಲ ಸಲ ಅವನು ಕೈಗೆ ಸಿಗುವಂಥ ಒಂದು ಕಾರಣ ಕೊಟ್ಟಿದ್ದ. ಅದನ್ನು ಅವಳು ಬಾವಿಗೆ ಬಿದ್ದವರು ಹಗ್ಗ ಹಿಡಿದಂತೆ ಹಿಡಿದುಕೊಂಡಳು.

ಸಂಜೆ ಮಾವನಿಗೆ ರೊಟ್ಟಿ ಬಡಿಸುತ್ತಾ ಕೇಳಿದಳು. "ಮಾವಾರೆ, ಆ ಹಡಗಿನ ಊಟ ಹೆಂಗೆ ಉಣ್ಣೋದು ಅಂತ ಹೇಳಿಕೊಡೋರು ನಮ್ಮ ಸೀಮ್ಯಾಗೆ ಯಾರೂ ಇಲ್ಲೇನ್ರಿ?"

ಬಕ್ಕೇಶಪ್ಪನವರ ಕೈ ತಟ್ಟೆಯಲ್ಲೇ ನಿಂತಿತು. "ಯಾಕವ್ವಾ?"

"ಅದು ಬರಲ್ಲ ಅಂತ ತಾನೇ ಬ್ಯಾಡ ಅಂದಿರೋದು. ಕಲ್ತ್ರೆ ಬ್ಯಾಡ ಅನ್ನೋಕೆ ಏನೈತೆ?"

ಬಾಗಿಲ ಬಳಿ ಕೂತಿದ್ದ ಉಡಚಮ್ಮ ಹೇಳಿದಳು: "ಹರಿಹರದಾಗೆ ನಮ್ಮಣ್ಣನ ಮನೆ ಹಿಂದೆ ಹಯಾತ್ ಸಾಬ್ ಅಂತ ಅದಾನೆ. ಬೊಂಬಾಯಿ ಹಡಗಿನಾಗೆ ದೊರೆಗಳಿಗೆ ಊಟ ಬಡಿಸಿಕೊಂಡಿದ್ದೋನು. ಈಗ ಕಾರ್ಖಾನೆ ಬಂಗಲೇಲಿ ಅಡಿಗೆ ಮಾಡ್ತಾನೆ."

ಸೊಸೆ ಪಕ್ಕದ ಬೀದಿಗೆ ಹೋಗುವುದಕ್ಕೂ ಹತ್ತು ಸಲ ಯೋಚಿಸುವ ಮನುಷ್ಯ ಬಕ್ಕೇಶಪ್ಪನವರು. ಮುಸಲ್ಮಾನನ ಬಳಿ, ಮಾಂಸ ಬೇಯುವ ಬಂಗಲೆಯಲ್ಲಿ, ಊಟದ ಪಾಠ ಎಂದರೆ ಎದ್ದು ಹೋಗಿಬಿಡುತ್ತಾರೆಂದು ಅವಳು ಅಂದುಕೊಂಡಿದ್ದಳು. ಅವರು ನೀರು ಕುಡಿದು, "ಉಡಚಮ್ಮನ್ನ ಜೊತೆಗೆ ಕರ್ಕೊಂಡು ಹೋಗು. ಟಿಕೀಟಿಗೆ ಬೊಂಬಾಯಿಗೆ ಬರೀತೀನಿ" ಎಂದರು. ಅಷ್ಟು ಬೇಗ ಒಪ್ಪಿದ್ದಕ್ಕೆ ಅವಳಿಗೆ ಸಂತೋಷದಿಂದ ಕಣ್ಣು ತುಂಬಿತು. ಯಾಕೆ ಒಪ್ಪಿದರೆಂದು ಕೇಳಬೇಕೆನಿಸಲಿಲ್ಲ.

ಸೋಮವಾರ, ಗುರುವಾರ ಬೆಳಗಿನ ರೈಲಿಗೆ ಇಬ್ಬರು ಹೆಂಗಸರೂ ಹರಿಹರಕ್ಕೆ ಹೋಗತೊಡಗಿದರು. ಹೊಳೆಯ ಕಡೆಗೆ ಮುಖ ಮಾಡಿದ್ದ ಬಂಗಲೆಯ ಹಿಂದಿನ ವರಾಂಡದಲ್ಲಿ ಒಂದು ಹಳೆಯ ಮೇಜು, ಎರಡು ಕುರ್ಚಿ. ಹಯಾತ್ ಸಾಬ್ ಅರವತ್ತು ದಾಟಿದ ಒಣಕಲು ಮನುಷ್ಯ. ಇಪ್ಪತ್ತೆರಡು ವರ್ಷ ಹಡಗಿನಲ್ಲಿದ್ದು ಬಂದವರು ನೆಲದ ಮೇಲೂ ಕಾಲು ಅಗಲಿಸಿ, ನೆಲ ಎತ್ತಲೋ ವಾಲೀತೆಂಬಂತೆ ನಡೆಯುತ್ತಿದ್ದರು. ಮೊದಲ ದಿನವೇ ಅವರು ಒಂದು ಮಾತು ಹೇಳಿದರು.

"ಅಮ್ಮಾರೆ, ನಿಮ್ಮ ಊಟ ನೀವೇ ಮನಿಯಿಂದ ತರ್ರಿ. ತಟ್ಟೇನೂ ನಿಮ್ದೇ ಇರ್ಲಿ. ಇಲ್ಲಿಂದು ಒಂದು ಅಗುಳೂ ಬ್ಯಾಡ. ನಾನು ಕಲಿಸೋದು ಕೈದು ಕೆಲಸ, ಬಾಯಿದಲ್ಲ."

ಬಸವಣ್ಣೆಮ್ಮ ಚಪಾತಿ, ಬದನೆಕಾಯಿ ಪಲ್ಯ, ತಿಳಿಸಾರು ಕಟ್ಟಿಕೊಂಡು ಹೋಗುವಳು. ಅದೇ ಸೂಪು, ಅದೇ ಮೀನು, ಅದೇ ಮಾಂಸದ ತುಂಡು ಎಂದುಕೊಳ್ಳಬೇಕು.

"ಎಲ್ಲಾ ರಾತ್ರಿನೂ ಡ್ರೆಸ್ ಊಟ ಇರಲ್ಲ" ಎಂದು ಹಯಾತ್ ಸಾಬ್ ವಿವರಿಸುವರು. "ಹಡಗು ಹತ್ತಿದ ಮೊದಲನೇ ರಾತ್ರಿ ಇಲ್ಲ. ಪೆಟ್ಟಿಗೆ ಬಿಚ್ಚಿರಲ್ಲ ನೋಡ್ರಿ. ಬಂದರಿಗೆ ಬಂದ ರಾತ್ರಿ ಇಲ್ಲ. ಇಳಿಯೋ ಹಿಂದಿನ ರಾತ್ರಿನೂ ಇಲ್ಲ. ಉಳಿದಿದ್ದು ಎಲ್ಲಾ ಐತೆ. ಊಟಕ್ಕೆ ಅರ್ಧ ತಾಸು ಮೊದಲು ಜಾಗಟೆ ಹೊಡೀತಾರೆ. ಅದು ತಯಾರಾಗೋಕೆ. ಎರಡನೇ ಜಾಗಟೆಗೆ ಒಳಗೆ ಹೋಗಬೇಕು. ಮೊದಲನೇದಕ್ಕೇ ಓಡಿ ಹೋಗಿ ಕೂತ್ರೆ ಹಸಿದೋರು ಅಂತಾರೆ, ಎರಡಾದ ಮೇಲೆ ಹೋದ್ರೆ ಸೊಕ್ಕು ಅಂತಾರೆ."

"ಗೌನು ಹೊಲಿಸ್ಬೇಕೇನ್ರಿ ಸಾಬ್ರೆ?"

"ತೋಬಾ. ರೇಷ್ಮೆ ಸೀರಿ ಉಟ್ಟು ನೀವು ಮೆಟ್ಟಿಲು ಇಳಿದ್ರೆ ಗೌನಿನ ಮೇಡಂಗಳೇ ತಿರುಗಿ ನೋಡ್ತಾರೆ. ನಾನು ಕಣ್ಣಾರೆ ಕಂಡೀನಿ. ಆದ್ರೆ ಸೆರಗು ಪಿನ್ನು ಹಾಕ್ಕೊಳ್ರಿ. ಸೂಪಿನಾಗೆ ಅದ್ದಿದ್ರೆ ಮುಗೀತು."

ಕಪ್ತಾನನ ಕೈ ಕುಲುಕುವ ಮಾತು ಬಂದಾಗ ಅವಳು ಮುಖ ತಗ್ಗಿಸಿ ಕೂತುಬಿಟ್ಟಳು. ಹಯಾತ್ ಸಾಬ್ ಬಾಗಿಲಲ್ಲಿ ಕಪ್ತಾನನಂತೆ ಎದೆ ಸೆಟೆಸಿ ನಿಂತು, ಅವಳು ಕೈ ಜೋಡಿಸಿ ತುಸು ಬಾಗಿ ಮುಂದೆ ಹೋಗುವುದನ್ನು ಹೇಳಿಕೊಟ್ಟರು. ನಮ್ಮ ಕಡೆಯ ದೊಡ್ಡ ಮನೆತನದ ಹೆಣ್ಣುಮಕ್ಕಳು ಹಾಗೇ ಮಾಡುತ್ತಾರೆ, ಅದಕ್ಕೆ ಯಾರೂ ನಗುವುದಿಲ್ಲ ಎಂದರು. ಚಮಚಗಳನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಹಿಡಿಯುತ್ತಾ ಬರಬೇಕು. ಸೂಪಿನ ಚಮಚವನ್ನು ತನ್ನ ಕಡೆಗೆಳೆಯದೆ ಆಚೆಗೆ ತಳ್ಳಿ ತುಂಬಿಸಬೇಕು. ಚಾಕು, ಮುಳ್ಳುಚಮಚ ಜೋಡಿಯಾಗಿ ಮಲಗಿಸಿದರೆ ಸಾಕಾಯಿತೆಂದು ಅರ್ಥ, ಬಡಿಸುವವನು ತಟ್ಟೆ ಎತ್ತುತ್ತಾನೆ. ಬೇಡದ್ದು ಬಂದರೆ ಮುಖ ಸಿಂಡರಿಸದೆ 'ನೋ, ಥ್ಯಾಂಕ್ ಯೂ' ಎನ್ನಬೇಕು. ಹತ್ತಿದ ದಿನವೇ ಬಡಿಸುವವರ ಮೇಲ್ವಿಚಾರಕ ಹೆಡ್ ಸ್ಟೂವರ್ಡನಿಗೆ ಮಾಂಸ ತಿನ್ನುವುದಿಲ್ಲವೆಂದು ಹೇಳಿಬಿಟ್ಟರೆ ಅನ್ನ, ಬೇಯಿಸಿದ ತರಕಾರಿ ಬರುತ್ತದೆ. ಇಷ್ಟಲಿಂಗದ ಪೂಜೆಗೆ ತನ್ನ ಕೋಣೆಯ ಬಾಗಿಲು ಹಾಕಿಕೊಂಡರೆ ಯಾರೂ ಬಂದು ಕೇಳುವುದಿಲ್ಲ. ಗಾಳಿ ಜೋರಾದ ದಿನ ತಟ್ಟೆ ಜಾರದಿರಲೆಂದು ಮೇಜಿನ ಬಟ್ಟೆಗೆ ನೀರು ಚಿಮುಕಿಸುತ್ತಾರೆ, ಅದನ್ನು ನೋಡಿ ಹೆದರಬಾರದು.

ಹೇಳಿದ್ದು ತಲೆಗೆ ಹೋಗುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಮುಳ್ಳುಚಮಚ ಎಡಗೈಯಲ್ಲಿ! ಹುಟ್ಟಿದಂದಿನಿಂದ ಊಟಕ್ಕೆ ತಾಗಿಸದ ಕೈ ಅದು. ಮೊದಲ ಎರಡು ವಾರ ತುತ್ತು ಬಾಯಿಯ ಹತ್ತಿರ ಬರುವಷ್ಟರಲ್ಲಿ ಮುಳ್ಳುಚಮಚವನ್ನು ಬಲಗೈಗೆ ಬದಲಿಸಿಬಿಡುತ್ತಿದ್ದಳು. ಒಳಗಿನಿಂದ ಮಾಂಸದ ವಾಸನೆ ಬಂದ ದಿನ ವರಾಂಡದ ಕೆಳಗಿಳಿದು ವಾಂತಿ ಮಾಡಿಕೊಂಡಳು. ಉಡಚಮ್ಮ ಬೆನ್ನು ನೀವುತ್ತಾ, "ಬ್ಯಾಡ ಬಿಡವ್ವಾ, ಗಂಡನ್ನ ಸೇರೋಕೆ ಇಂಥ ಪಾಡು ಯಾರೂ ಪಟ್ಟಿಲ್ಲ" ಎಂದಳು. ಬಸವಣ್ಣೆಮ್ಮ ಬಾಯಿ ಮುಕ್ಕಳಿಸಿ ಮತ್ತೆ ಕುರ್ಚಿಯಲ್ಲಿ ಬಂದು ಕೂತಳು.

ಮನೆಯಲ್ಲಿ ಹಿಂದಿನ ಕೋಣೆ ಸೇರಿ ಎರಡು ಸೌಟಿನ ಹಿಡಿಕೆ ಹಿಡಿದು ಅಭ್ಯಾಸ ಮಾಡುವಳು. ಬೀದಿಯ ಹೆಂಗಸರಿಗೆ ಸುದ್ದಿ ಗೊತ್ತಾಗಿತ್ತು. ನೀರಿಗೆ ಹೋದಾಗ ಒಬ್ಬಳು, "ಏನವ್ವಾ, ದೊರೆಸಾನಿ ಆಗೋದು ಯಾವಾಗ?" ಎಂದು ಕೇಳಿದಳು. ಮತ್ತೊಬ್ಬಳು, ಐದು ವರ್ಷ ಗಂಡಸು ಒಬ್ಬನೇ ಇರುತ್ತಾನೆಯೇ ಎಂದು ಅವಳಿಗೆ ಕೇಳುವಷ್ಟೇ ಮೆಲ್ಲಗೆ ಅಂದಳು. ಬಸವಣ್ಣೆಮ್ಮ ಕೊಡ ಹೊತ್ತು ಬಂದಳು. ಆ ಮಾತು ತನ್ನ ಮನಸ್ಸಿನೊಳಗೆ ಮೊದಲೇ ಇತ್ತೆಂಬುದನ್ನು ಅವಳು ತನಗೆ ತಾನೇ ಹೇಳಿಕೊಳ್ಳಲಾರದೆ ಹೋದಳು. ಆ ವಾರ ಒಂದೇ ಸಮನೆ ಅಭ್ಯಾಸ ಮಾಡಿ ಎಡಗೈಯ ಹೆಬ್ಬೆರಳಿಗೆ ಬೊಕ್ಕೆ ಎದ್ದಿತು.

ಕಾರ್ತಿಕದ ಹೊತ್ತಿಗೆ ಹಯಾತ್ ಸಾಬ್ ಒಂದು ಪರೀಕ್ಷೆ ಮಾಡೋಣ ಎಂದರು. ಬಂಗಲೆಯಲ್ಲಿ ಆಗ ಕಾರ್ಖಾನೆಯ ಕೆಲಸಕ್ಕೆ ಬಂದಿದ್ದ ಇಂಗ್ಲಿಷ್ ಎಂಜಿನಿಯರ್ ಒಬ್ಬ ಹೆಂಡತಿಯೊಂದಿಗೆ ಉಳಿದಿದ್ದ. ಆ ಮೇಡಂ ವರಾಂಡದ ಪಾಠವನ್ನು ಕಿಟಕಿಯಿಂದ ನೋಡಿ, ಸಂಗತಿ ಕೇಳಿ ತಿಳಿದು, ಒಂದು ಸಂಜೆ ಊಟಕ್ಕೆ ತಾನಾಗಿ ಕರೆದಿದ್ದಳು. ಅಂದು ಮೇಜಿನ ಮೇಲೆ ಮಾಂಸ ಇರುವುದಿಲ್ಲವೆಂದು ಹಯಾತ್ ಸಾಬ್ ಮಾತು ಕೊಟ್ಟರು. ಹಡಗಿನಲ್ಲಿ ಹೇಗೂ ಬೇರೆಯವರು ಬೇಯಿಸಿದ್ದನ್ನೇ ಉಣ್ಣಬೇಕಲ್ಲ ಎಂದು ಅವಳು ಒಪ್ಪಿದಳು.

ಬಕ್ಕೇಶಪ್ಪನವರು ಬಾಡಿಗೆ ಕಾರು ಮಾಡಿಕೊಂಡು ತಾವೇ ಸೊಸೆಯನ್ನು ಕರೆತಂದರು. ತಾವು ಒಳಗೆ ಬರಲಿಲ್ಲ, ವರಾಂಡದಲ್ಲಿ ಕೂತರು. ಬಸವಣ್ಣೆಮ್ಮ ಮದುವೆಯ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಜಾಗಟೆಯ ಬದಲು ಹಯಾತ್ ಸಾಬ್ ತಟ್ಟೆಯೊಂದಕ್ಕೆ ಚಮಚ ಬಡಿದರು. ಎರಡನೇ ಸಲ ಬಡಿದಾಗ ಅವಳು ಒಳಗೆ ಹೋದಳು. ಎಂಜಿನಿಯರ್ ಎದ್ದು ನಿಂತ. ಅವಳು ಕೈ ಜೋಡಿಸಿದಳು. ಹೊರಗಿನ ಚಮಚ, ಆಮೇಲೆ ಅದರ ಒಳಗಿನದು. ಸೂಪನ್ನು ಆಚೆಗೆ ತಳ್ಳಿ ತುಂಬಿಸಿದಳು. ಆಲೂಗಡ್ಡೆಯ ಹೋಳೊಂದು ತಟ್ಟೆಯಿಂದ ಜಾರಿ ಬಟ್ಟೆಯ ಮೇಲೆ ಬಿದ್ದಾಗ ಅವಳು ಹಯಾತ್ ಸಾಬ್ ಕಡೆ ನೋಡಿದಳು. ಮೇಡಂ ಅದನ್ನು ನೋಡಿಯೂ ನೋಡದವಳಂತೆ ಹಯಾತ್ ಸಾಬ್ ಮೂಲಕ ಕೇಳಿದಳು: ಹಡಗು ಯಾವಾಗ? ಗಂಡ ಎಲ್ಲಿದ್ದಾನೆ?

"ಫೆಬ್ರವರಿ" ಎಂದಳು ಬಸವಣ್ಣೆಮ್ಮ. "ಬೋಲ್ಟನ್."

ಮೇಡಂ ಮುಖ ಅರಳಿತು. ಅವಳ ತಂಗಿಯ ಮನೆ ಬೋಲ್ಟನ್ನಿಗೆ ಅರ್ಧ ತಾಸಿನ ದಾರಿಯಂತೆ. ವಿಳಾಸ ಕೊಟ್ಟರೆ ತಂಗಿಗೆ ಬರೆಯುತ್ತೇನೆ, ಹೋಗಿ ನಿನ್ನ ಗಂಡನನ್ನು ಕಂಡು ಬರುತ್ತಾಳೆ, ನೀನು ಇಳಿದ ಮೇಲೆ ಜೊತೆಗೂ ಇರುತ್ತಾಳೆ ಎಂದಳು. ಬಸವಣ್ಣೆಮ್ಮ ಸಂಭ್ರಮದಿಂದ ವರಾಂಡಕ್ಕೆ ಬಂದು ಮಾವನ ಹತ್ತಿರ ವಿಳಾಸ ಕೇಳಿದಳು. ಬಕ್ಕೇಶಪ್ಪನವರು ಮೇಲೇಳಲಿಲ್ಲ.

"ಇವರಿಗೆ ಯಾಕ ತೊಂದ್ರೆ ಕೊಡೋದು?" ಎಂದರು.

"ತೊಂದ್ರೆ ಇಲ್ಲಂತೆ ಮಾವಾರೆ. ಆಕೀನೇ ಕೇಳ್ತಾಳೆ."

"ನೆಪ್ಪಿಲ್ಲವ್ವಾ ನಂಗೆ."

ಅವಳಿಗೆ ನೆನಪಿತ್ತು. ಐದು ವರ್ಷ ಲಕೋಟೆಗಳ ಹಿಂಬದಿ ನೋಡಿ ನೋಡಿ ಇಂಗ್ಲಿಷ್ ಬಾರದಿದ್ದರೂ ಅಕ್ಷರದ ಆಕಾರಗಳೇ ಕಣ್ಣಲ್ಲಿ ಕೂತಿದ್ದವು. ಒಳಗೆ ಹೋಗಿ ಮೇಡಂ ಕೊಟ್ಟ ಪೆನ್ನಿನಿಂದ ಚಿತ್ರ ಬಿಡಿಸುವವರಂತೆ ಒಂದೊಂದೇ ಅಕ್ಷರ ಬರೆದುಕೊಟ್ಟಳು. ಊಟ ಮುಗಿದು ಮೇಡಂ ಏಳುವವರೆಗೂ ಕಾದು, ಆಮೇಲೆ ತಾನು ಎದ್ದಳು. ಬಾಗಿಲಲ್ಲಿ ಹಯಾತ್ ಸಾಬ್, "ಬರೋಬ್ಬರಿ ಆತು ಅಮ್ಮಾರೆ. ಇನ್ನ ನನ್ನ ಹತ್ರ ಕಲಿಸೋದು ಏನೂ ಇಲ್ಲ" ಎಂದರು. ಕಾರಿನಲ್ಲಿ ಬಾತಿ ಗುಡ್ಡ ದಾಟುವವರೆಗೂ ಅವಳು ಒಂದೇ ಸಮನೆ ಮಾತಾಡಿದಳು.

ಆರು ವಾರ ಕಳೆದಿತ್ತು. ಪೆಟ್ಟಿಗೆಗೆ ಸೀರೆಗಳನ್ನು ಜೋಡಿಸುತ್ತಿದ್ದ ಮಧ್ಯಾಹ್ನ ಹಯಾತ್ ಸಾಬ್ ತಾವೇ ದಾವಣಗೆರೆಗೆ ಬಂದರು. ಮನೆಗೆ ಎಂದೂ ಬಂದವರಲ್ಲ. ಪಡಸಾಲೆಯ ಕೆಳಗೆ ನಿಂತು ಯಜಮಾನರನ್ನು ಕಾಣಬೇಕು ಎಂದರು. ಬಕ್ಕೇಶಪ್ಪನವರು ಕೂಡ್ರಿ ಎಂದರೂ ಕೂರಲಿಲ್ಲ. ಬಸವಣ್ಣೆಮ್ಮ ಒಳಬಾಗಿಲಿಗೆ ಬಂದಳು. ಆದರೆ ಅವರ ದನಿ ಎಷ್ಟು ತಗ್ಗಿತ್ತೆಂದರೆ, ಮಾತಾಡಿಸಲು ಮನಸ್ಸಾಗದೆ ಅಲ್ಲೇ ನಿಂತಳು.

"ಮೇಡಂ ತಂಗಿದು ಕಾಗದ ಬಂದೈತೆ ಯಜಮಾನ್ರೆ. ಆ ಮನಿಗೆ ಹೋಗಿದ್ಲಂತೆ." ಹಯಾತ್ ಸಾಬ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ಬಾಗಿಲು ತೆಗೆದೋಳು ಅಲ್ಲೀದು ಹೆಣ್ಣುಮಗಳಂತೆ. ನಾನು ಅವರ ಹೆಂಡ್ತಿ ಅಂದ್ಲಂತೆ. ಕಂಕುಳಾಗೆ ವರ್ಷದ ಕೂಸು. ಮೇಡಂ, ನೀನೇ ಹೋಗಿ ಹೇಳು ಅಂದ್ರು. ಆ ಅಮ್ಮಾರಿಗೆ ಹೇಳೋಕೆ ನನ್ನ ಕೈಲಾಗಲ್ಲ."

ಬಕ್ಕೇಶಪ್ಪನವರು, "ಗೊತ್ತು ಸಾಬ್ರೆ" ಎಂದರು.

"ಗೊತ್ತಾ?"

"ಹೋದ ಯುಗಾದಿಗೇ ಅವನೇ ನನಗೊಬ್ಬನಿಗೆ ಬರೆದಿದ್ದ."

ಬಸವಣ್ಣೆಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಗಂಡನ ಸುದ್ದಿ ಅವಳಿಗೆ ಆ ಕ್ಷಣಕ್ಕೆ ನಾಟಲಿಲ್ಲ. ಅದು ಎಲ್ಲೋ ಒಳಗೆ ಗೊತ್ತಿದ್ದದ್ದೇ, ಬಂದು ತನ್ನ ಜಾಗದಲ್ಲಿ ಕೂತಿತು. ನಾಟಿದ್ದು ಯುಗಾದಿ ಎಂಬ ಮಾತು. ಯುಗಾದಿ, ಆಮೇಲೆ ಶ್ರಾವಣ, ಆಮೇಲೆ ಕಾರ್ತಿಕ. ಅಷ್ಟು ದಿನವೂ ಈ ಮನುಷ್ಯ ಅವಳು ಬಡಿಸಿದ್ದನ್ನು ಉಂಡು, ಅವಳು ಸೌಟು ಹಿಡಿದು ಒದ್ದಾಡುವುದನ್ನು ನೋಡಿದ್ದ. ಅವಳು ಹೊರಗೆ ಬಂದಳು. ಮಾವನ ಎದುರು ತಲೆಯ ಮೇಲೆ ಸೆರಗಿಲ್ಲದೆ ಅವಳು ನಿಂತದ್ದು ಅದೇ ಮೊದಲು.

"ಗೊತ್ತಿದ್ದೂ ನನ್ನ ಕಳಿಸಿದ್ರಾ ಕಲಿಯೋಕೆ?"

ಬಕ್ಕೇಶಪ್ಪನವರು ತಲೆ ಎತ್ತಲಿಲ್ಲ. "ನೀನು ಹೋಗಿ ಎದುರು ನಿಂತ್ರೆ ಅವನ ಮನಸ್ಸು ತಿರುಗ್ತದೆ ಅನ್ಕೊಂಡೆ ಬಸವಣ್ಣೆ. ಬರೆದೆ, ಬೈದೆ, ಬೇಡಿದೆ. ಯಾವುದಕ್ಕೂ ಬಗ್ಗಲಿಲ್ಲ. ನಿನ್ನ ಬಿಟ್ರೆ ನಂಗೆ ಬೇರೆ ದಾರಿ ಇರ್ಲಿಲ್ಲ. ಇರೋನು ಒಬ್ಬನೇ ಮಗ."

"ಅಲ್ಲಿಗೆ ಹೋಗಿ ಬಾಗಿಲು ತಟ್ಟಿದಾಗ ಆಕಿ ಬಂದು ತೆಗೆದ್ರೆ ನಾನು ಏನು ಮಾಡ್ಲಿ ಅನ್ಕೊಂಡಿದ್ರಿ? ಎಲ್ಲಿಗೆ ಹೋಗ್ಲಿ ಅನ್ಕೊಂಡಿದ್ರಿ?"

"ಅಷ್ಟು ದೂರ ನಾನು ಯೋಚನೆ ಮಾಡ್ಲಿಲ್ಲವ್ವಾ."

ಅವಳು ಹಯಾತ್ ಸಾಬ್ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತೇನು?"

"ಅಲ್ಲಾ ಆಣೆ ಗೊತ್ತಿರ್ಲಿಲ್ಲ" ಎಂದರು ಅವರು. "ಅನುಮಾನ ಇತ್ತು. ಐದು ವರ್ಷದ ಲೆಕ್ಕ ಕೇಳಿದ ದಿನವೇ ಇತ್ತು. ಇಂಥ ಹೆಣ್ಣುಮಕ್ಕಳು ಹಡಗಿನಾಗೆ ನಗ್ತಾ ಹೋಗೋದು ಕಂಡೀನಿ. ಹೋದ ಮೂರನೇ ತಿಂಗಳಿಗೆ ಅದೇ ಹಡಗಿನಾಗೆ ಒಬ್ಬೊಬ್ರೇ ವಾಪಸ್ ಬರೋದೂ ಕಂಡೀನಿ. ವಾಪಸ್ ಬರುವಾಗ ಊಟಕ್ಕೇ ಬರ್ತಿರ್ಲಿಲ್ಲ ಅವರು. ತಟ್ಟೆ ಕೋಣೆ ಬಾಗಿಲಿಗೆ ಇಟ್ಟು ಬರ್ತಿದ್ದೆ. ನಿಮ್ಮ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ ಅಮ್ಮಾರೆ. ಅದು ನನ್ನ ತಪ್ಪು."

ಮೂರು ದಿನ ಅವಳು ಕೋಣೆ ಬಿಟ್ಟು ಬರಲಿಲ್ಲ. ಬಾವಿಯ ಯೋಚನೆಯೂ ಬಂತು. ಉಡಚಮ್ಮನಿಗೆ ಅದು ಹೇಗೋ ಹೊಳೆದು ಬಾವಿಯ ಬಾಯಿಗೆ ಹಲಗೆ ಮುಚ್ಚಿ, ಹಿತ್ತಿಲ ಬಾಗಿಲಿಗೆ ಚಾಪೆ ಹಾಕಿಕೊಂಡು ಕೂತಳು. ಹೋಗಿಯೇ ಬಿಡೋಣ ಎಂದೂ ಒಂದು ಹೊತ್ತು ಅನ್ನಿಸಿತು. ಟಿಕೀಟು ಇದೆ, ಉಣ್ಣಲು ಬರುತ್ತದೆ. ಹೋಗಿ ಆ ಬಾಗಿಲು ತಟ್ಟಿ ಅವನ ಮುಖವನ್ನು ಒಂದು ಸಲ ನೋಡಿ ಬರೋಣ. ಆದರೆ ಆ ಬಾಗಿಲನ್ನು ಕಣ್ಣ ಮುಂದೆ ತಂದುಕೊಂಡಾಗಲೆಲ್ಲ ಅಲ್ಲಿ ಅವನು ಕಾಣುತ್ತಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಒಬ್ಬಳು, ನೀನು ಯಾರು ಎಂದು ಕೇಳುತ್ತಿದ್ದಳು. ಅದಕ್ಕೆ ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಉತ್ತರ ಸಿಗಲಿಲ್ಲ.

ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು, ಪೂಜೆ ಮುಗಿಸಿ, ಅಣ್ಣನಿಗೆ ಹೇಳಿ ಕಳಿಸಿದಳು. ತವರೂರು ಕೊಕ್ಕನೂರಿನಿಂದ ಅಣ್ಣ ಗಾಡಿ ಕಟ್ಟಿಕೊಂಡು ಬಂದ. ಬಕ್ಕೇಶಪ್ಪನವರು ಅಂಗಳದವರೆಗೂ ಬಂದರು. "ಈ ಮನಿ ನಿಂದೇ. ನೀನು ಹೋದ್ರೆ ಊರಿಗೆಲ್ಲ ಗೊತ್ತಾಗ್ತದೆ" ಎಂದರು. ಮೊದಲನೇ ಮಾತಿಗೆ ಅವಳ ಕಾಲು ತಡೆದಿತ್ತು. ಎರಡನೇ ಮಾತು ಕೇಳಿ ಗಾಡಿ ಹತ್ತಿದಳು.

ಕೊಕ್ಕನೂರಿನ ದಿನಗಳೂ ಹೂವಿನಂತಿರಲಿಲ್ಲ. ಗಂಡ ಬಿಟ್ಟವಳು ಎಂಬ ಮಾತು ಅವಳಿಗಿಂತ ಮೊದಲೇ ಊರು ಸೇರಿತ್ತು. ಅತ್ತಿಗೆ ಕೆಟ್ಟವಳಲ್ಲ, ಆದರೆ ಒಳ್ಳೆಯ ದಿನದಂದು ಇವಳನ್ನು ಒಳಗಿನ ಕೆಲಸಕ್ಕೇ ಇಡುತ್ತಿದ್ದಳು. ಎರಡು ವರ್ಷ ಹಾಗೇ ಕಳೆದು, ಕೊನೆಗೆ ಹರಿಹರದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಸಮಾಜವೊಂದು ಶುರುವಾದಾಗ ಊರಿನಿಂದಲೇ ಓಡಾಡಿ ಅಲ್ಲಿ ಕಲಿತು, ಅಲ್ಲೇ ಕಲಿಸುವವಳಾದಳು. ಸಂಬಂಧ ಬಿಡಿಸಿಕೊಳ್ಳುವ ಕಾಗದ ಬೋಲ್ಟನ್ನಿನಿಂದ ಎರಡು ಸಲ ಬಂತು. ಮೊದಲ ಸಲ ಸಹಿ ಹಾಕದೆ ವಾಪಸು ಕಳಿಸಿದಳು. ಎರಡನೇ ಸಲ ಬಂದಾಗ, ಹಠ ಹಿಡಿದು ತಾನು ಉಳಿಸಿಕೊಂಡದ್ದು ಏನೆಂದು ಒಂದು ವಾರ ಯೋಚಿಸಿ ಸಹಿ ಹಾಕಿದಳು.

1964ರ ಬೇಸಿಗೆಯಲ್ಲಿ ಬಕ್ಕೇಶಪ್ಪನವರು ಕೊಕ್ಕನೂರಿಗೆ ಬಂದರು. ಅಮಾವಾಸ್ಯೆ ಪೂಜೆಗೆ ಉಕ್ಕಡಗಾತ್ರಿಗೆ ಹೋಗಿದ್ದೆ, ದಾರಿಯಲ್ಲಿ ಇಳಿದೆ ಎಂದರು. ದಪ್ಪ ಮನುಷ್ಯ ಅರ್ಧ ಆಗಿದ್ದರು. ಕಟ್ಟೆಯ ಮೇಲೆ ಕೂತರು. ಬಸವಣ್ಣೆಮ್ಮ ಮಜ್ಜಿಗೆ ತಂದು ಪಕ್ಕದಲ್ಲಿಟ್ಟಳು.

"ಅವನು ಕಾಗದ ಹಾಕಿ ಎರಡು ವರ್ಷ ಆತು" ಎಂದರು. "ನಿನ್ನ ಹತ್ರ ಒಂದು ಮಾತು ಹೇಳೋಕೆ ಬಂದೆ. ನಾನು ಮಗನ್ನ ಉಳಿಸಿಕೊಳ್ಳೋಕೆ ಹೋಗಿ ನಿನ್ನ ಬದುಕನ್ನ ಪಣಕ್ಕಿಟ್ಟೆ. ತಪ್ಪಾತು."

ಅವಳು ಕಂಬಕ್ಕೆ ಒರಗಿ ನಿಂತಿದ್ದಳು. ಈ ಮಾತಿಗಾಗಿ ಕಾಯ್ದ ದಿನಗಳಿದ್ದವು. ಬಂದಾಗ ಆಡಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತುಗಳೂ ಇದ್ದವು. ಈಗ ಮುದುಕ ಹಸಿದವನಂತೆ ಲೋಟದ ಮಜ್ಜಿಗೆಯನ್ನೆಲ್ಲ ಒಂದೇ ಸಲಕ್ಕೆ ಕುಡಿದದ್ದನ್ನು ನೋಡಿ ಅವಳು ಅವನ್ನು ಬಿಟ್ಟುಬಿಟ್ಟಳು.

"ಅಡಿಗೆ ಯಾರು ಮಾಡ್ತಾರೆ ಈಗ?" ಎಂದು ಕೇಳಿದಳು.

"ಉಡಚಮ್ಮ ತೀರಿಕೊಂಡ್ಲಲ್ಲ. ಖಾನಾವಳಿಯಿಂದ ತರಿಸ್ತೀನಿ."

"ಉಂಡು ಹೋಗ್ರಿ" ಎಂದಳು. ಮಾವಾರೆ ಎನ್ನಲು ಬಾಯಿ ಬರಲಿಲ್ಲ.

ಒಳಗೆ ಹೋಗಿ ರೊಟ್ಟಿ ತಟ್ಟಿದಳು. ಅವರು ಉಂಡರು. ಬಿಸಿಲು ಇಳಿದ ಮೇಲೆ ಹರಿಹರದ ಬಸ್ಸು ಬರುವವರೆಗೂ ಇಬ್ಬರೂ ಕಟ್ಟೆಯ ಎರಡು ತುದಿಯಲ್ಲಿ ಕೂತಿದ್ದರು. ಬಸ್ಸು ಹತ್ತುವಾಗ ಅವರು ತಿರುಗಿ ನೋಡಿದರು. ಕ್ಷಮಿಸಿದೆನೋ ಇಲ್ಲವೋ ಎಂದು ಅವಳಿಗೇ ತಿಳಿದಿರಲಿಲ್ಲ. ಮುಂದಿನ ಅಮಾವಾಸ್ಯೆಗೂ ಅವರು ಬಂದರು. ಅದರ ಮುಂದಿನದಕ್ಕೂ ಬಂದರು. ಅವಳು ಪ್ರತಿ ಸಲವೂ ರೊಟ್ಟಿ ತಟ್ಟಿದಳು.